ಬಾಡಿಗೆ ಕಾರು ತಗೊಳ್ಳೋ ಮುಂಚೆ ಬಗ್ಗಿ ಟೈರ್ ನೋಡಿ

ಮಳೆಗಾಲದಲ್ಲಿ ಸೆಲ್ಫ್ ಡ್ರೈವ್ ಕಾರ್ ತಗೊಂಡು ಘಾಟಿ ಕಡೆ ಹೊರಡೋ ಪ್ಲಾನ್ ಇರೋರು ದಯವಿಟ್ಟು ಇದನ್ನ ಪೂರ್ತಿ ಓದಿ. ಸ್ವಲ್ಪ ಉದ್ದ ಆಗಿದೆ, ಆದ್ರೆ ನಾನು, ನನ್ನ ಹೆಂಡ್ತಿ, ಏಳು ವರ್ಷದ ಮಗಳು, ಅಮ್ಮ ನಾಲ್ಕೂ ಜನ ಹೋದ ಜುಲೈಲಿ ಒಂದು ಬಸ್ಸಿನ ಮುಂದೆ ಹೋಗಿ ನಿಂತು ಬಂದಿದೀವಿ, ಅದಕ್ಕೇ ಬರೀತಿದೀನಿ.

ಅಮ್ಮಂಗೆ ಮಂಡಿ ಆಪರೇಷನ್ ಆದ್ಮೇಲೆ ಧರ್ಮಸ್ಥಳಕ್ಕೆ ಬರ್ತೀನಿ ಅಂತ ಹರಕೆ ಇತ್ತು. ನಮ್ದು ಹಳೇ ವ್ಯಾಗನ್ ಆರ್, ಅಷ್ಟು ದೂರಕ್ಕೆ ಬೇಡ ಅಂತ ಎರಡೂವರೆ ದಿನಕ್ಕೆ ಬಾಡಿಗೆ ಕಾರ್ ಬುಕ್ ಮಾಡ್ದೆ. ಲಿಸ್ಟಲ್ಲಿ ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ ಕಾಣಿಸ್ತು, 1.5 ಲೀಟರ್ ಟರ್ಬೊ ಪೆಟ್ರೋಲ್, 150 ಪಿಎಸ್, ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್. ಈ ಗಾಡಿ ಓಡಿಸ್ಬೇಕು ಅಂತ ಅದು ಬಂದಾಗಿಂದ ಆಸೆ ಇತ್ತು. ಗ್ಲೋಬಲ್ ಎನ್‌ಕ್ಯಾಪ್ 2023ರ ಕ್ರ್ಯಾಶ್ ಟೆಸ್ಟಲ್ಲಿ ಇದಕ್ಕೆ ಐದು ಸ್ಟಾರ್ ಬೇರೆ ಕೊಟ್ಟಿದೆ, ಫ್ಯಾಮಿಲಿ ಜೊತೆ ಹೋಗೋಕೆ ಇದಕ್ಕಿಂತ ಸೇಫ್ ಏನಿದೆ ಅನ್ಕೊಂಡೆ. ಬಾಡಿಗೆ ಕೊಟ್ಟೋರ ಹೆಸರು ಇಲ್ಲಿ ಹಾಕಲ್ಲ, ಕಂಪ್ಲೇಂಟ್ ನಡೀತಿದೆ.

ಬೆಳಗ್ಗೆ ಐದು ಗಂಟೆಗೆ ಪಿಕಪ್, ಇನ್ನೂ ಕತ್ಲೆ. ಯಾರ್ಡಿನ ಹುಡುಗ ಕೀ ಕೊಟ್ಟು ಆ್ಯಪಲ್ಲಿ ಫೋಟೋ ಹಾಕಿ ಸರ್ ಅಂದ. ನಾನು ಸುತ್ತ ಒಂದು ವಿಡಿಯೋ ಮಾಡ್ದೆ, ಬಂಪರ್ ಮೇಲೆ ಗೀರು, ಎಡಗಡೆ ಡೋರಲ್ಲಿ ಚಿಕ್ಕ ಡೆಂಟ್, ಎಲ್ಲ ಬಂತು. ಜಿಟಿಗೆ ಮುಂದಿನ ಚಕ್ರದ ಒಳಗೆ ಬ್ರೇಕ್ ಕ್ಯಾಲಿಪರ್ (ಡಿಸ್ಕನ್ನ ಒತ್ತಿ ಹಿಡಿಯೋ ಭಾಗ) ಕೆಂಪು ಬಣ್ಣದಲ್ಲಿರುತ್ತೆ, ಮೊಬೈಲ್ ಟಾರ್ಚ್ ಬಿಟ್ಟು ಅದನ್ನೂ ನೋಡ್ದೆ. ಅದರ ಸುತ್ತ ಇರೋ ಟೈರ್ ಮಾತ್ರ ನೋಡ್ಲಿಲ್ಲ.

ಗಾಡಿ ಬಗ್ಗೆ ಸುಳ್ಳು ಹೇಳಲ್ಲ, ನೆಲಮಂಗಲ ದಾಟಿ ಕುಣಿಗಲ್ ರೋಡ್ ಹಿಡಿದ ಮೇಲೆ ನಂಗೆ ತುಂಬಾ ಖುಷಿ ಆಯ್ತು. 250 ಎನ್‌ಎಂ ಟಾರ್ಕ್ 1600 ಆರ್‌ಪಿಎಂಗೇ ಸಿಗುತ್ತೆ, ಅಂದ್ರೆ ಲಾರಿ ಹಿಂದಿಟ್ಟು ಮುಂದೆ ಹೋಗ್ಬೇಕು ಅಂದಾಗ ಎಂಜಿನ್ ಕೂಗಾಡೋದಿಲ್ಲ, ಕಾಲು ಸ್ವಲ್ಪ ಒತ್ತಿದ್ರೆ ಸಾಕು ಬೆನ್ನು ಸೀಟಿಗೆ ಅಂಟ್ಕೊಳ್ಳುತ್ತೆ. ಸಮ ರೋಡಲ್ಲಿ ಒಂದೇ ಸ್ಪೀಡಲ್ಲಿ ಹೋಗ್ತಿದ್ರೆ ನಾಲ್ಕು ಸಿಲಿಂಡರಲ್ಲಿ ಎರಡು ತಾನಾಗೇ ಆಫ್ ಆಗುತ್ತೆ, ಡಿಸ್ಪ್ಲೇಲಿ ತೋರಿಸದಿದ್ರೆ ಗೊತ್ತೇ ಆಗಲ್ಲ. ಸಸ್ಪೆನ್ಷನ್ ಸ್ವಲ್ಪ ಬಿಗಿ, ಆದ್ರೆ ಸ್ಪೀಡ್ ಏರಿದಷ್ಟೂ ಗಾಡಿ ನೆಲಕ್ಕೆ ಕೂತ್ಕೊಳ್ಳುತ್ತೆ, 100ರಲ್ಲಿ ಹೋಗ್ತಿದ್ರೂ 70ರ ಥರ ಅನ್ಸುತ್ತೆ. ಅಮ್ಮಂಗೆ ಮಾತ್ರ ಸೀಟ್ ತಗ್ಗು, ಹತ್ತಿ ಇಳಿಯೋವಾಗ ಮಂಡಿ ನೋವು, ವಯಸ್ಸಾದೋರ್ನ ಕರ್ಕೊಂಡು ಹೋಗೋರು ಅದನ್ನ ಯೋಚ್ನೆ ಮಾಡಿ.

ಚನ್ನರಾಯಪಟ್ಟಣದ ಹತ್ರ ಕಾಫಿಗೆ ನಿಲ್ಸಿದ್ವಿ. ಮಗಳು ಕೆಂಪು ಕ್ಯಾಲಿಪರ್ ನೋಡಿ ಮುಂದಿನ ಚಕ್ರದ ಪಕ್ಕ ಕೂತ್ಕೊಂಡ್ಳು, ಹೆಂಡ್ತಿ ಒಂದು ಫೋಟೋ ತೆಗೆದ್ಳು. ಈ ಫೋಟೋ ನೆನಪಿಟ್ಕೊಳ್ಳಿ, ಆಮೇಲೆ ಬರುತ್ತೆ.

ಶಾಂತಿಗ್ರಾಮ ಟೋಲ್ ಹತ್ರ ಮಳೆ ಶುರು ಆಗಿತ್ತು. ಟೋಲ್ ಬಿಟ್ಟು ಆ್ಯಕ್ಸಿಲರೇಟರ್ ಒತ್ತಿದ್ರೆ ಮುಂದಿನ ಚಕ್ರ ನಿಂತಲ್ಲೇ ಒಂದು ಸಲ ಸುತ್ತಿ ಆಮೇಲೆ ಹಿಡ್ಕೊಳ್ತು, ಮೀಟರಲ್ಲಿ ಚಕ್ರ ಜಾರ್ತಿದೆ ಅಂತ ತೋರಿಸೋ ಹಳದಿ ಲೈಟ್ ಮಿಣುಕ್ತು. ನಾನು ಏನು ಅನ್ಕೊಂಡೆ ಅಂದ್ರೆ ಟರ್ಬೊ ಅಲ್ವಾ, ಪವರ್ ಜಾಸ್ತಿ, ಅದಕ್ಕೇ ಹೀಗೆ. ಅಲ್ಲೇ ನಿಲ್ಸಿ ಇಳಿದು ನೋಡ್ಬೇಕಿತ್ತು. ಪವರ್ ಇರೋ ಗಾಡಿ ಬಾಡಿಗೆಗೆ ತಗೊಂಡ್ರೆ ಅಪಾಯ ಇದೇನೇ, ನಮಗೆ ಆ ಗಾಡಿಯ ಮಾಮೂಲಿ ನಡವಳಿಕೆ ಗೊತ್ತಿರಲ್ಲ, ಟೈರ್ ಹೋಗಿರೋದನ್ನ ಎಂಜಿನ್ ಜೋರು ಅಂತ ತಿಳ್ಕೊಂಡುಬಿಡ್ತೀವಿ. ನಮ್ಮ ವ್ಯಾಗನ್ ಆರ್ ಹಾಗೆ ಮಾಡಿದ್ರೆ ಆ ಕ್ಷಣವೇ ಗ್ಯಾರೇಜಿಗೆ ಹೋಗ್ತಿದ್ದೆ.

ಬೇಲೂರು ದಾಟಿ ಮೂಡಿಗೆರೆ ದಾಟಿ ಕೊಟ್ಟಿಗೆಹಾರದ ಕಡೆ ಹೋಗ್ತಿದ್ವಿ. ಎರಡೂ ಕಡೆ ಕಾಫಿ ತೋಟ, ಮಳೆ ಸುರೀತಾನೇ ಇತ್ತು. ಒಂದು ಎಡ ತಿರುವು, ಸ್ಪೀಡ್ ಐವತ್ತು ಚಿಲ್ಲರೆ ಇತ್ತು ಅಷ್ಟೇ. ಸ್ಟಿಯರಿಂಗ್ ತಿರುಗಿಸ್ದೆ, ಕೈಯಲ್ಲಿ ಏನೂ ಇಲ್ವೇನೋ ಅನ್ನೋ ಥರ ಹಗುರ ಆಯ್ತು, ಗಾಡಿ ತಿರುಗಲೇ ಇಲ್ಲ, ನೆಟ್ಟಗೆ ಹೋಗ್ತಾ ಇದೆ. ಹಳದಿ ಲೈಟ್ ಪಟಪಟ ಅಂತಿದೆ, ಬ್ರೇಕ್ ಪೆಡಲ್ ಕಾಲಡಿ ಗಡಗಡ ಅಂತಿದೆ, ಎದುರಿಂದ ಕೆಎಸ್ಆರ್‌ಟಿಸಿ ಬಸ್ಸು ಹಾರನ್ ಬಿಡದೆ ಒತ್ತಿ ಹಿಡ್ಕೊಂಡು ಬರ್ತಿದೆ. ನಮ್ಮ ಪುಣ್ಯ, ಆ ಡ್ರೈವರ್ ನಮ್ಮನ್ನ ಮೊದಲೇ ನೋಡಿ ನಿಲ್ಸಿಬಿಟ್ರು. ನಮ್ಮ ಬಾನೆಟ್ಟಿಗೂ ಬಸ್ಸಿಗೂ ನಾಲ್ಕು ಅಡಿ ಇತ್ತೇನೋ. ಅವರು ಬೈಯ್ಲಿಲ್ಲ, ಕಿಟಕಿಯಿಂದ ಕೈ ತೋರಿಸಿ ಸೈಡಿಗೆ ಹಾಕಿ ಅಂದ್ರು. ಅಮ್ಮ ಹಿಂದೆ ಮಗಳನ್ನ ಎದೆಗೆ ಒತ್ತಿ ಹಿಡ್ಕೊಂಡಿದ್ರು, ಒಂದು ಮಾತೂ ಆಡ್ಲಿಲ್ಲ.

ಇಎಸ್‌ಸಿ, ಎಬಿಎಸ್ ಥರ ಗಾಡಿ ಜಾರದಂಗೆ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ವ್ಯವಸ್ಥೆ ಎಲ್ಲ ಇರೋ ಗಾಡಿಗೆ ಹೀಗ್ಯಾಕಾಯ್ತು ಅಂತ ಕೇಳ್ಬಹುದು. ಇಎಸ್‌ಸಿ ಮಾಡೋದು ಇಷ್ಟೇ, ಬೇಕಾದ ಚಕ್ರಕ್ಕೆ ಬ್ರೇಕ್ ಹಾಕುತ್ತೆ, ಎಂಜಿನ್ ಪವರ್ ಕಮ್ಮಿ ಮಾಡುತ್ತೆ. ರೋಡಿಗೆ ತಾಗ್ಕೊಂಡಿರೋದು ಟೈರ್ ತಾನೇ, ಅದು ನೀರಿನ ಮೇಲೆ ತೇಲ್ತಿದ್ರೆ ಯಾವ ಕಂಪ್ಯೂಟರೂ ಏನೂ ಮಾಡಕ್ಕಾಗಲ್ಲ. ಟೈರಿನ ಮೇಲೆ ಕಾಲುವೆ ಥರ ಕೊರೆದಿರೋ ಗ್ರೂವ್ ಇರೋದೇ ಆ ನೀರನ್ನ ಆಚೆ ತಳ್ಳೋಕೆ.

ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಟ್ಟೆ ಮುಂದಿತ್ತು, ನನ್ ಕೈ ಇನ್ನೂ ನಡುಗ್ತಿತ್ತು, ತಿನ್ನಕ್ಕಾಗ್ಲಿಲ್ಲ. ಕಸ್ಟಮರ್ ಕೇರಿಗೆ ಫೋನ್ ಮಾಡಿದ್ರೆ ಬೇರೆ ಗಾಡಿ ಕಳ್ಸಕ್ಕೆ ನಾಳೆ ಆಗುತ್ತೆ, ಪಿಕಪ್ಪಲ್ಲಿ ನೀವೇ ಓಕೆ ಮಾಡಿದೀರಲ್ಲ ಸರ್ ಅಂದ್ರು. ಸ್ಟೆಪ್ನಿಯಾದ್ರೂ ಹಾಕೋಣ ಅಂತ ಡಿಕ್ಕಿ ಮ್ಯಾಟ್ ಎತ್ತಿದ್ರೆ ಸ್ಟೆಪ್ನಿ ಇದೆ, ಜಾಕೂ ಇಲ್ಲ ವೀಲ್ ಸ್ಪ್ಯಾನರೂ ಇಲ್ಲ. ಕೊನೆಗೆ ಹೆಂಡ್ತಿ, ಅಮ್ಮ, ಮಗಳನ್ನ ಧರ್ಮಸ್ಥಳದ ಬಸ್ಸಿಗೆ ಹತ್ತಿಸಿ ನಾನೊಬ್ನೇ ಚಾರ್ಮಾಡಿ ಇಳಿದೆ. ಗೇರನ್ನ ಮ್ಯಾನ್ಯುಯಲ್ ಮೋಡಿಗೆ ಹಾಕಿ ಎರಡನೇ ಗೇರಲ್ಲೇ, ಬ್ರೇಕ್ ಆದಷ್ಟು ಮುಟ್ಟದೆ, ಇಪ್ಪತ್ತರ ಮೇಲೆ ಹೋಗದೆ. ಆಟೋಮ್ಯಾಟಿಕ್ ಓಡ್ಸೋರು ಇದೊಂದು ಕಲ್ತ್ಕೊಳ್ಳಿ, ಡ್ರೈವಲ್ಲೇ ಬಿಟ್ಟು ಬ್ರೇಕ್ ಮೇಲೆ ಕಾಲಿಟ್ಕೊಂಡೇ ಘಾಟಿ ಇಳಿದ್ರೆ ಬ್ರೇಕ್ ಕಾದು ಹಿಡಿಯೋದೇ ಕಮ್ಮಿ ಆಗುತ್ತೆ. ಮಂಜು ಎಷ್ಟಿತ್ತು ಅಂದ್ರೆ ಮುಂದಿನ ತಿರುವು ಕಾಣ್ತಿರ್ಲಿಲ್ಲ. ಅಣ್ಣಪ್ಪಸ್ವಾಮಿ ಗುಡಿ ಹತ್ರ ನಿಲ್ಸಿ ಕೈ ಮುಗಿದೆ.

ಉಜಿರೆಯಲ್ಲಿ ಟೈರ್ ಅಂಗಡಿಗೆ ಹಾಕ್ದೆ. ಅಂಗಡಿಯವರು ಗಾಡಿ ಎತ್ತಿ ಮುಂದಿನ ಟೈರ್ ಮೇಲೆ ಬೆರಳಾಡಿಸಿ "ಎಂಥದು ಮಾರಾಯ್ರೆ, ಇದ್ರಲ್ಲಿ ಘಾಟಿ ಇಳ್ದದ್ದಾ?" ಅಂದ್ರು. ಆಮೇಲೆ ಒಂದೊಂದೇ ತೋರಿಸಿದ್ರು. ಟೈರಿನ ಗ್ರೂವ್ ಒಳಗೆ ಸಣ್ಣ ಉಬ್ಬು ಇರುತ್ತೆ, 1.6 ಮಿಲಿಮೀಟರ್ ಎತ್ತರ, ಟೈರ್ ಸವೆದು ಆ ಉಬ್ಬಿಗೆ ಸಮ ಆದ್ರೆ ಮುಗೀತು, ಬದಲಾಯಿಸ್ಲೇಬೇಕು. ಬಲಗಡೆದು ಸಮ ಆಗಿಹೋಗಿತ್ತು, ಒಳ ಅಂಚಲ್ಲಂತೂ ಬೋಳು. ಗಾಡಿ ನಿಂತಿರುವಾಗ ಆಚೆಯಿಂದ ನೋಡಿದ್ರೆ ಒಳ ಅಂಚು ಕಾಣಲ್ಲ. ಎಡಗಡೆದು ಬೇರೆ ಕಂಪನಿದು, ಪಕ್ಕದಲ್ಲಿ ಒಣಗಿದ ಕೆರೆ ಮಣ್ಣಿನ ಥರ ಸಣ್ಣ ಸಣ್ಣ ಬಿರುಕು. ಅದರ ಮೇಲೆ ಡಿಒಟಿ ಅಂತ ಶುರುವಾಗೋ ಸಾಲಿನ ಕೊನೇಲಿ ನಾಲ್ಕು ಅಂಕಿ, 3118. ಅಂದ್ರೆ 2018ರ 31ನೇ ವಾರ ತಯಾರಾಗಿದ್ದು. ಈ ಕಾರು ಇಂಡಿಯಾದಲ್ಲಿ ಬಿಡುಗಡೆ ಆಗಿದ್ದೇ 2022ರ ಜೂನಲ್ಲಿ! ಗಾಡಿಗಿಂತ ನಾಲ್ಕು ವರ್ಷ ಹಳೇ ಟೈರ್. ಒರಿಜಿನಲ್ ಸವೆದ ಮೇಲೆ ಎಲ್ಲಿಂದಲೋ ಸೆಕೆಂಡ್ ಹ್ಯಾಂಡ್ ತಂದು ಹಾಕಿದ್ರು. ಯಾರೋ ಗೊತ್ತಿಲ್ಲದೆ ಮಾಡಿದ ತಪ್ಪಲ್ಲ ಇದು, ಕಾಸು ಉಳಿಸೋಕೆ ಬೇಕಂತ್ಲೇ ಮಾಡಿರೋದು, ಅದೇ ನಂಗೆ ಇವತ್ತಿಗೂ ತಡ್ಕೊಳ್ಳಕ್ಕಾಗಲ್ಲ.

ಇನ್ನೇನ್ ಮಾಡೋದು, ಇದೇ ಗಾಡೀಲಿ ಇವರನ್ನೆಲ್ಲ ಕೂರಿಸ್ಕೊಂಡು ವಾಪಸ್ ಬರ್ಬೇಕಲ್ಲ. ಎರಡು ಹೊಸ ಟೈರ್, ಅಲೈನ್‌ಮೆಂಟ್ ಎಲ್ಲ ಸೇರಿ 17,400 ರೂಪಾಯಿ ನನ್ ಜೇಬಿಂದ ಕೊಟ್ಟೆ, ಜಿಎಸ್‌ಟಿ ಬಿಲ್ ತಗೊಂಡೆ. ಹಳೇ ಟೈರ್ ಎರಡನ್ನೂ ಡಿಕ್ಕೀಲಿ ಹಾಕೊಂಡೆ. ವಾಪಸ್ ಬರೋವಾಗ ಅದೇ ರೋಡು, ಅದೇ ಮಳೆ, ಹಳದಿ ಲೈಟ್ ಒಂದ್ಸಲಾನೂ ಬರ್ಲಿಲ್ಲ. ಗಾಡಿ ತಿರುಗಿಸಿದ ಕಡೆ ತಿರುಗ್ತು. ಅಷ್ಟು ಒಳ್ಳೇ ಕಾರು ಅದು.

ಯಾರ್ಡಲ್ಲಿ ಟೈರ್ ಇಳಿಸಿ ಮುಂದಿಟ್ರೆ ಮ್ಯಾನೇಜರ್ "ಇವು ನಮ್ಮ ಟೈರೇ ಅಲ್ಲ" ಅಂದ್ರು. ಪರ್ಮಿಷನ್ ಇಲ್ದೆ ಟೈರ್ ಬದಲಾಯಿಸಿದೀರ ಅಂತ ಐದು ಸಾವಿರ ಡೆಪಾಸಿಟ್ಟೂ ಹಿಡ್ಕೊಂಡ್ರು. ನನ್ ಪಿಕಪ್ ವಿಡಿಯೋಲಿ ಚಕ್ರ ಬರೀ ಕಪ್ಪಗೆ ಕಾಣುತ್ತೆ. ಆಗ ಹೆಂಡ್ತಿಗೆ ನೆನಪಾಗಿದ್ದು ಕಾಫಿ ಹತ್ರ ತೆಗೆದ ಫೋಟೋ. ಜೂಮ್ ಮಾಡಿದ್ರೆ ಮಗಳ ಭುಜದ ಪಕ್ಕ ಟೈರ್ ಕಂಪನಿ ಹೆಸರು, ಆ ಬಿರುಕು, ಎರಡೂ ನೀಟಾಗಿ ಕಾಣುತ್ತೆ, ಫೋಟೋಲಿ ಟೈಮೂ ಇದೆ.

1915ಕ್ಕೆ, ಅಂದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ದೂರು ಕೊಟ್ಟೆ. ಎರಡು ವಾರ ಆದ್ಮೇಲೆ ಡೆಪಾಸಿಟ್ ವಾಪಸ್ ಬಂತು, ಟೈರ್ ದುಡ್ಡು ಕೊಡಲ್ಲ ಅಂದ್ರು. ಈಗ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹಾಕಿದೀನಿ, ಕೊಟ್ಟಿರೋ ದುಡ್ಡು ಐದು ಲಕ್ಷದ ಒಳಗಿದ್ರೆ ಅಲ್ಲಿ ಫೀಸ್ ಇಲ್ಲ.

ನೀವು ಗಾಡಿ ತಗೊಳ್ಳೋವಾಗ ಸ್ಟಿಯರಿಂಗನ್ನ ಪೂರ್ತಿ ಒಂದು ಕಡೆಗೆ ತಿರುಗಿಸಿ ಇಳೀರಿ, ಆಗ ಮುಂದಿನ ಟೈರಿನ ಒಳ ಅಂಚು ಆಚೆ ಬರುತ್ತೆ, ಆಮೇಲೆ ಇನ್ನೊಂದು ಕಡೆಗೆ ತಿರುಗಿಸಿ ಇನ್ನೊಂದನ್ನೂ ನೋಡಿ. ನಾಲ್ಕು ಅಂಕಿ ಹುಡುಕಿ, ಕೆಲವು ಟೈರಲ್ಲಿ ಅದು ಒಳಗಡೆ ಮುಖದಲ್ಲಿರುತ್ತೆ. ನಾಲ್ಕೂ ಟೈರಿನ ಹತ್ತಿರದ ಫೋಟೋ ತೆಗೀರಿ, ಜಾಕ್ ಸ್ಪ್ಯಾನರ್ ಇದೆಯಾ ನೋಡಿ, ಕತ್ಲೇಲಿ ಗಾಡಿ ತಗೋಬೇಡಿ. ನಂಬರ್ ಪ್ಲೇಟೂ ನೋಡಿ, ಸೆಲ್ಫ್ ಡ್ರೈವ್ ಬಾಡಿಗೆ ಗಾಡಿಗೆ ಕಪ್ಪು ಬೋರ್ಡ್ ಮೇಲೆ ಹಳದಿ ಅಕ್ಷರ ಇರ್ಬೇಕು. ಬಿಳಿ ಬೋರ್ಡಿನ ಸ್ವಂತ ಗಾಡಿ ಬಾಡಿಗೆಗೆ ಕೊಟ್ರೆ, ಮಾಮೂಲಿ ಪ್ರೈವೇಟ್ ಕಾರ್ ಪಾಲಿಸೀಲಿ ಬಾಡಿಗೆಗೆ ಓಡಿಸೋದು ಸೇರಿರಲ್ಲ, ಏನಾದ್ರೂ ಆದ್ರೆ ಕ್ಲೇಮ್ ನಿಂತುಹೋಗ್ಬಹುದು.

ಆ ಎರಡು ಟೈರ್ ಈಗ್ಲೂ ನಮ್ಮ ಬಾಲ್ಕನೀಲಿ ಟಾರ್ಪಾಲ್ ಮುಚ್ಚಿಕೊಂಡು ಇವೆ. ಅಮ್ಮ ಅದನ್ನ ಮೊದಲು ಮನೆಯಿಂದ ಆಚೆ ಹಾಕೋ ಅಂತ ದಿನಾ ಹೇಳ್ತಾರೆ, ಕೇಸ್ ಮುಗಿಯೋವರೆಗೂ ತಡ್ಕೊಳ್ಳಮ್ಮ ಅಂದಿದೀನಿ.