ಕಿಂಗ್‌ಪಿನ್ ಹೊಸದು ಅಂತ ಬಿಲ್ ಕೊಟ್ಟರೆ ನಂಬಬೇಡಿ, ಗ್ರೀಸ್ ಗನ್ ಹಿಡಿದು ನೋಡಿ

ಅಮೆರಿಕದಲ್ಲಿ ಹಳೇ ಫೋರ್ಡ್ ಪಿಕಪ್ ಇಟ್ಟುಕೊಂಡಿರುವ ಕನ್ನಡಿಗರೇ, ದಯವಿಟ್ಟು ಓದಿ. ಗಾಡಿ 1966ರ ಎಫ್-100, ಮುಂದೆ ಟ್ವಿನ್ ಐ-ಬೀಮ್, ಅಂದರೆ ಎರಡು ಮುಂದಿನ ಚಕ್ರಕ್ಕೂ ಒಂದೊಂದು ಉಕ್ಕಿನ ತೊಲೆ. ಕಿಂಗ್‌ಪಿನ್ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ ಗೂಟ), ಬುಷ್ (ಅದರ ಸುತ್ತ ಕೂರುವ ಕೊಳವೆ) ಬದಲಿಸಿ ಮುಂಭಾಗ ಪೂರ್ತಿ ಜೋಡಿಸಿಕೊಡಲು ಗ್ಯಾರೇಜಿಗೆ ಕೂಲಿಯೇ 900 ಡಾಲರ್ ಕೊಟ್ಟೆ. ವಾಪಸ್ ಬಂದ ಗಾಡಿಯ ಸ್ಟಿಯರಿಂಗ್ ಕಲ್ಲು! ತಿರುವು ದಾಟಿದ ಮೇಲೂ ಚಕ್ರ ತಾನಾಗಿ ನೇರಕ್ಕೆ ಬರುವುದಿಲ್ಲ.

ಗ್ಯಾರೇಜಿನವರನ್ನು ಕೇಳಿದರೆ, "ಹೊಸ ಪಾರ್ಟ್ಸ್ ಅಲ್ವಾ, 500 ಮೈಲಿ ಓಡಿಸಿ, ಸಡಿಲ ಆಗುತ್ತೆ." ಸುಳ್ಳು. ಬುಷ್‌ಗೆ ಅಳತೆಗೆ ತಕ್ಕ ಹಾಗೆ ರೀಮರ್ (ತೂತನ್ನು ನಯವಾಗಿ ಹಿಗ್ಗಿಸುವ ಉಪಕರಣ) ಹಾಕಿದ್ದರೆ ಎಣ್ಣೆ ಸವರಿದ ಪಿನ್ ಕೈಯಲ್ಲಿ ಒತ್ತಿದರೇ ಒಳಗೆ ಹೋಗುತ್ತದೆ, ಅಲುಗಾಡುವುದೂ ಇಲ್ಲ. ಇವರು ರೀಮರ್ ಮುಟ್ಟಿಲ್ಲ, ಸುತ್ತಿಗೆಯಲ್ಲಿ ಹೊಡೆದು ಕೂರಿಸಿದ್ದಾರೆ.

ನಿಜ ಗೊತ್ತಾಗಿದ್ದು ಗ್ರೀಸ್ ಹೊಡೆಯುವಾಗ. ಎಡಗಡೆ ಮೇಲಿನ ನಿಪ್ಪಲ್‌ಗೆ ಎಷ್ಟು ಒತ್ತಿದರೂ ಒಳಗೆ ಹೋಗದೆ ಗನ್ನಿನ ಬಾಯಿಂದಲೇ ವಾಪಸ್ ಬರುತ್ತಿದೆ. ಬಿಚ್ಚಿದರೆ ಬುಷ್‌ನ ತೂತು ಒಂದು ಕಡೆ, ಸ್ಪಿಂಡಲ್‌ನ (ಚಕ್ರ ಕೂರುವ ಭಾಗದ) ತೂತು ಇನ್ನೊಂದು ಕಡೆ. ಒಂದು ಹನಿ ಗ್ರೀಸ್ ಕಾಣದೆ ಪಿನ್ ಓಡುತ್ತಿತ್ತು! ಬೀಮ್ ಕೆಳಗಿನ ಥ್ರಸ್ಟ್ ಬೇರಿಂಗ್ ಕೂಡ ತಲೆಕೆಳಗು. ಆ ಮೂಲೆಯ ಭಾರವೆಲ್ಲ ಕೂರುವುದು ಅದರ ಮೇಲೆ. ಮುಚ್ಚಿದ ಬದಿ ಮೇಲಿರಬೇಕು, ಇಲ್ಲದಿದ್ದರೆ ನೀರು, ಮಣ್ಣು ಇಳಿದು ತುಕ್ಕು ಹಿಡಿಯುತ್ತದೆ. ಬೀಮ್ ಮೇಲ್ಬದಿಯ ಶಿಮ್ (ಸಂದು ತುಂಬುವ ತೆಳು ಬಿಲ್ಲೆ) ಇರಲೇ ಇಲ್ಲ.

ಹೊಟ್ಟೆ ಉರಿದದ್ದು ಬಿಲ್ ಮತ್ತೆ ಓದಿದಾಗ. "ಕ್ಯಾಂಬರ್ ಬೋಲ್ಟ್ ಹೊಂದಿಸಿದೆ" ಅಂತ ಬರೆದು ದುಡ್ಡು ಹಾಕಿದ್ದಾರೆ. ಕ್ಯಾಂಬರ್ ಅಂದರೆ ಮುಂದಿನಿಂದ ನೋಡಿದಾಗ ಚಕ್ರ ಒಳಗೋ ಹೊರಗೋ ವಾಲಿರುವ ಕೋನ. ಈ ಗಾಡಿಯಲ್ಲಿ ಕ್ಯಾಂಬರ್ ಬೋಲ್ಟೇ ಇಲ್ಲ ಸ್ವಾಮಿ! ಟೈ ರಾಡ್ (ಚಕ್ರ ತಿರುಗಿಸುವ ಸ್ಟಿಯರಿಂಗ್ ಕಂಬಿ) ಸ್ಲೀವ್ ತಿರುಗಿಸಿ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂದಿನ ಅಂಚು ಒಳಗೋ ಹೊರಗೋ ತಿರುಗಿರುವುದು, ಹೊಂದಿಸಬಹುದು, ಅಷ್ಟೇ. ಕ್ಯಾಂಬರ್ ಬೇಕಿದ್ದರೆ ಬೀಮನ್ನೇ ಪ್ರೆಸ್ಸಿನಲ್ಲಿ ಬಗ್ಗಿಸಬೇಕು. ಇದು ಗೊತ್ತಿದ್ದೂ ಬಿಲ್ಲನ್ನು ಮೊದಲ ದಿನವೇ ಓದದೆ ದುಡ್ಡು ಕೊಟ್ಟೆ, ನಾಚಿಕೆ ಆಗುತ್ತಿದೆ.

ಫೋನ್ ಮಾಡಿದರೆ ಮೊದಲು "ಹಳೇ ಗಾಡಿ ಅಂದ್ರೆ ಹಾಗೇ". ಬೇರಿಂಗ್ ಫೋಟೋ ಕಳಿಸಿದ ಮೇಲೆ "ನೀವೇ ಬಿಚ್ಚಿದ್ದೀರಿ, ಗ್ಯಾರಂಟಿ ಮುಗೀತು". ಬಿಚ್ಚದೆ ಹೇಗ್ರೀ ಗೊತ್ತಾಗೋದು? ಬೋಲ್ಟ್ ವಿಷಯಕ್ಕೆ ಇವತ್ತಿಗೂ ಉತ್ತರ ಇಲ್ಲ.

ನಟ್ ಮುಟ್ಟುವ ಮುಂಚೆ ಫೋಟೋ, ವಿಡಿಯೋ ತೆಗೆದಿಡಿ, ನಾನು ತೆಗೆಯಲಿಲ್ಲ. ದುಡ್ಡು ಕೊಡುವ ಮುಂಚೆ ಚಕ್ರ ನೆಲ ಬಿಡುವಷ್ಟು ಜ್ಯಾಕ್ ಎತ್ತಿಸಿ, ಅವರ ಕೈಯಲ್ಲೇ ಗ್ರೀಸ್ ಹೊಡೆಸಿ. ಮೇಲಿನ ಬುಷ್, ಕೆಳಗಿನ ಬುಷ್ ಎರಡರಿಂದಲೂ ಗ್ರೀಸ್ ಹೊರಗೆ ಬರಬೇಕು. ಆಮೇಲೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ, ನೀವು ಟೈರಿನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬ್ರೇಕ್ ಒತ್ತಿದಾಗ ವೀಲ್ ಬೇರಿಂಗಿನ ಆಟ ಲೆಕ್ಕಕ್ಕೆ ಬರುವುದಿಲ್ಲ. ಆಗಲೂ ಅಲ್ಲಾಡಿದರೆ ಕಿಂಗ್‌ಪಿನ್ನೇ, ಬೀಗದ ಕೈ ಅವರಿಗೇ ವಾಪಸ್ ಕೊಡಿ.