ಶುಕ್ರವಾರ ಸಂಜೆ ಕ್ಯಾಬಿನ್‌ಗೆ ಕರೆದರೆ ಪೆನ್ನು ಮುಟ್ಟಬೇಡಿ

ಒಂದು ಸಹಿಗೆ ಸುಮಾರು 1,04,000 ರೂಪಾಯಿ ಕಳೆದುಕೊಂಡವನು ನಾನು. ಜೂಜಾಡಿ ಅಲ್ಲ, ಆನ್‌ಲೈನ್ ಮೋಸಕ್ಕೆ ಸಿಕ್ಕಿಯೂ ಅಲ್ಲ. ಎಸಿ ಹಾಕಿದ ಕ್ಯಾಬಿನ್‌ನಲ್ಲಿ ಕೂತು, ಅವರೇ ಕೊಟ್ಟ ಕಾಫಿ ಕುಡಿದು, ಅವರದೇ ಪೆನ್ನಿನಲ್ಲಿ ಸಹಿ ಹಾಕಿ ಬಂದೆ. ಇದನ್ನು ಬರೆಯೋದಕ್ಕೆ ಈಗಲೂ ಸ್ವಲ್ಪ ನಾಚಿಕೆ ಆಗುತ್ತದೆ. ಆದರೆ ಆ ಕುರ್ಚಿಯಲ್ಲಿ ನಾಳೆ ಇನ್ಯಾರೋ ಕೂರುತ್ತಾರೆ, ಅಲ್ವಾ? ಅವರಿಗಾದರೂ ಉಪಯೋಗವಾಗಲಿ.

ನಾನು ತಿಪಟೂರು ಕಡೆಯವನು. ಡಿಪ್ಲೊಮಾ ಮುಗಿಸಿ, ಅಲ್ಲಿ ಇಲ್ಲಿ ಕೆಲಸ ಮಾಡಿ, 2018ರ ಜೂನ್‌ನಲ್ಲಿ ಪೀಣ್ಯದ ಒಂದು ಕಾರ್ಖಾನೆಗೆ ಸೇರಿದೆ. ಯಂತ್ರದ ಬಿಡಿಭಾಗ ಮಾಡುವ ಜಾಗ, ಒಟ್ಟು ಎಪ್ಪತ್ತು ಜನ. ಹೆಸರು ಬೇಡ ಬಿಡಿ. ನನ್ನ ಕೆಲಸ ಸ್ಟೋರ್ಸ್‌ನಲ್ಲಿ. ಬಂದ ಮಾಲು ಎಣಿಸೋದು, ರಿಜಿಸ್ಟರ್‌ನಲ್ಲಿ ಬರೆಯೋದು, ಲೋಡಿಂಗ್‌ಗೆ ಆಳು ಕಡಿಮೆ ಇದ್ದರೆ ನಾನೇ ಪೆಟ್ಟಿಗೆ ಎತ್ತೋದು. ಗುರುತಿನ ಚೀಟಿಯಲ್ಲಿ ಮಾತ್ರ ‘ಸ್ಟೋರ್ಸ್ ಎಕ್ಸಿಕ್ಯುಟಿವ್’ ಅಂತ ಇತ್ತು. ಊರಿಗೆ ಹೋದಾಗ ಹೇಳಿಕೊಳ್ಳಲು ಚೆನ್ನಾಗಿತ್ತು. ಆ ಪದವಿ ಹೇಗೆ ತಿರುಗಿ ಬಡಿಯಿತು ಅಂತ ಮುಂದೆ ಹೇಳುತ್ತೇನೆ.

2023ರ ಕೊನೆಗೆ ಆರ್ಡರ್ ಇಳಿಯಿತು. ಓಟಿ ನಿಂತಿತು. ಕ್ಯಾಂಟೀನ್‌ನಲ್ಲಿ ಗುಸುಗುಸು ಶುರುವಾಯಿತು. 2024ರ ಜನವರಿಯ ಒಂದು ಶುಕ್ರವಾರ ಸಂಜೆ ಐದೂವರೆಗೆ ಎಚ್‌ಆರ್‌ನಿಂದ ಕರೆ ಬಂತು. ಫೋನ್ ಹೊರಗಡೆ ಟ್ರೇಯಲ್ಲಿ ಇಟ್ಟು ಬಾ ಅಂದರು. ಒಳಗೆ ಮೂವರು ಇದ್ದರು. ಒಬ್ಬರನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ. ಕನ್ಸಲ್ಟೆಂಟ್ ಅಂತೆ.

ಮಾತು ಬಹಳ ಮೃದುವಾಗಿತ್ತು. ‘ಕಂಪನಿ ಕಷ್ಟದಲ್ಲಿದೆ. ನಿನ್ನನ್ನು ತೆಗೆದುಹಾಕಿದೆವು ಅಂತ ದಾಖಲೆಯಲ್ಲಿ ಬಂದರೆ ನಿನಗೇ ಕಪ್ಪುಚುಕ್ಕೆ. ನೀನಾಗಿಯೇ ಬಿಟ್ಟೆ ಅಂತ ಬರೆದುಕೊಟ್ಟರೆ ಒಳ್ಳೆ ಎಕ್ಸ್‌ಪೀರಿಯೆನ್ಸ್ ಲೆಟರ್ ಕೊಡ್ತೀವಿ.’ ರಾಜೀನಾಮೆ ಪತ್ರ ಮೊದಲೇ ಟೈಪ್ ಆಗಿತ್ತು. ‘ವೈಯಕ್ತಿಕ ಕಾರಣಗಳಿಂದ’ ಅಂತ ಬರೆದಿತ್ತು. ಮನೆಗೆ ಹೋಗಿ ಯೋಚಿಸಿ ಸೋಮವಾರ ಹೇಳ್ತೀನಿ ಅಂದೆ. ಸೋಮವಾರಕ್ಕೆ ಈ ಆಫರ್ ಇರಲ್ಲ ಅಂದರು. ಈ ಮಾತು ಸರಿಯಾಗಿ ನೆನಪಿಟ್ಟುಕೊಳ್ಳಿ. ಸೋಮವಾರದವರೆಗೆ ಕಾಯಲಾಗದ ಆತುರ ನನಗಿರಲಿಲ್ಲ, ಅವರಿಗಿತ್ತು. ಅಷ್ಟೂ ಹೊಳೆಯಲಿಲ್ಲ ನನಗೆ.

ಸಹಿ ಹಾಕಿದೆ. ಅದರ ಹಿಂದೆಯೇ ಇನ್ನೊಂದು ಹಾಳೆ ಬಂತು. ಫುಲ್ ಅಂಡ್ ಫೈನಲ್ ಸೆಟ್ಲ್‌ಮೆಂಟ್. ಮೊತ್ತದ ಜಾಗ ಖಾಲಿ. ಕೆಳಗೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿತ್ತು. ‘ನನಗೆ ಬರಬೇಕಾದ್ದೆಲ್ಲ ಬಂದಿದೆ, ಇನ್ನು ಯಾವ ಬಾಕಿಯೂ ಇಲ್ಲ.’ ಒಂದು ರೂಪಾಯಿಯೂ ಬಂದಿರಲಿಲ್ಲ. ಆದರೂ ಸ್ಟಾಂಪಿನ ಮೇಲೆ ಅಡ್ಡವಾಗಿ ಸಹಿ ಹಾಕಿದೆ. ಪೀಣ್ಯ ಇಂಡಸ್ಟ್ರಿ ಮೆಟ್ರೋ ಸ್ಟೇಷನ್ ಮೆಟ್ಟಿಲು ಹತ್ತುವಾಗ ಮಂಡಿ ನಡುಗುತ್ತಿತ್ತು. ಹೆಂಡತಿಗೆ ಎರಡು ದಿನ ಹೇಳಲಿಲ್ಲ.

ಆ ಸಹಿಯ ಬೆಲೆ ಎಷ್ಟು ಅಂತ ಗೊತ್ತಾಗಿದ್ದು ಒಂದು ತಿಂಗಳ ನಂತರ. ಕೆಲಸ ಕಡಿಮೆ ಆಯಿತು ಅಂತ ಕಾರ್ಮಿಕನನ್ನು ಕಂಪನಿಯೇ ತೆಗೆದರೆ ಅದಕ್ಕೆ ಕಾನೂನಿನಲ್ಲಿ ‘ರಿಟ್ರೆಂಚ್‌ಮೆಂಟ್’ ಎನ್ನುತ್ತಾರೆ. ಆಗ ಇದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ. ಅದರ 25ಎಫ್ ಕಲಮಿನ ಪ್ರಕಾರ ಒಂದು ವರ್ಷ ಸತತ ಕೆಲಸ ಮಾಡಿದವನನ್ನು ಹಾಗೆ ತೆಗೆಯಬೇಕಾದರೆ ಒಂದು ತಿಂಗಳ ನೋಟಿಸ್ ಕೊಡಬೇಕು, ಇಲ್ಲವೇ ಒಂದು ತಿಂಗಳ ಸಂಬಳ ಕೊಡಬೇಕು. ಅದರ ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ. ವರ್ಷ ಅಂದರೆ ಇಲ್ಲಿ 240 ದಿನ ದುಡಿದಿದ್ದರೆ ಸಾಕು. ಆರು ತಿಂಗಳಿಗಿಂತ ಜಾಸ್ತಿ ಉಳಿದ ಭಾಗವನ್ನೂ ಒಂದು ವರ್ಷ ಅಂತ ಲೆಕ್ಕ ಹಿಡಿಯುತ್ತಾರೆ.

ನನ್ನದು ಐದು ವರ್ಷ ಏಳು ತಿಂಗಳು. ಅಂದರೆ ಆರು ವರ್ಷದ ಲೆಕ್ಕ, 90 ದಿನ. ತಿಂಗಳಿಗೆ 26,000 ಬರುತ್ತಿತ್ತು. ಮೂರು ತಿಂಗಳ 78,000, ನೋಟಿಸ್‌ನ 26,000. ರಾಜೀನಾಮೆ ಕೊಟ್ಟವನಿಗೆ ಇದರಲ್ಲಿ ಒಂದು ಪೈಸೆಯೂ ಇಲ್ಲ. ‘ನಿನ್ನ ಒಳ್ಳೆಯದಕ್ಕೇ’ ಅಂತ ಆ ಮೂವರು ಹೇಳಿದ್ದರ ಅರ್ಥ ಆಗ ಆಯಿತು.

ನನ್ನ ಜೊತೆಗೇ ಮಷಿನ್ ಶಾಪ್‌ನ ಒಬ್ಬರನ್ನೂ ಕರೆದಿದ್ದರು. ಹಾಸನದ ಕಡೆಯವರು, ನನಗಿಂತ ಓದಿದ್ದು ಕಡಿಮೆ. ಅವರು ಕಾಗದ ನೋಡಿ, ‘ನನಗೆ ಇಂಗ್ಲಿಷ್ ಬರಲ್ಲ ಸಾರ್, ಮಗಳ ಹತ್ತಿರ ಓದಿಸಿಕೊಂಡು ಬರ್ತೀನಿ’ ಅಂದರಂತೆ. ಎಷ್ಟು ಕೂಗಾಡಿದರೂ ಅದೊಂದೇ ಮಾತು. ಹತ್ತು ದಿನ ಎಳೆದಾಡಿ ಕೊನೆಗೆ ಕಂಪನಿ ಅವರಿಗೆ ನೋಟಿಸ್ ಸಂಬಳ, ಪರಿಹಾರ ಎರಡನ್ನೂ ಬ್ಯಾಂಕಿಗೆ ಹಾಕಿತು. ಇಂಗ್ಲಿಷ್ ಬರುತ್ತದೆ ಅನ್ನೋ ಜಂಬ ನನ್ನದು, ದುಡ್ಡು ಅವರದು.

ಎರಡನೇ ತಪ್ಪು ಇನ್ನೂ ದೊಡ್ಡದು. ಸಹಿ ಹಾಕಿದ ಮೇಲೆ ನಾನು ಸುಮ್ನೆ ಕೂತೆ. ಒಂದು ತಿಂಗಳಾದ ಮೇಲೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋದಾಗ ಅಲ್ಲಿನ ಅಧಿಕಾರಿ ಕೇಳಿದ ಮೊದಲ ಪ್ರಶ್ನೆ: ‘ಬಲವಂತ ಮಾಡಿದರು ಅಂತೀಯಲ್ಲಪ್ಪ, ಮಾರನೇ ದಿನ ಏನು ಮಾಡಿದೆ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ರಾಜೀನಾಮೆ ಅಂಗೀಕಾರವಾಗಿ ಜಾರಿಗೆ ಬರುವ ಮುಂಚೆ ಅದನ್ನು ವಾಪಸ್ ಪಡೆಯಬಹುದು ಅಂತ ಕೋರ್ಟುಗಳು ಹಲವು ಬಾರಿ ಹೇಳಿವೆ. ಅಂಗೀಕರಿಸಿದ್ದೇವೆ ಅಂತ ಅವರು ಅವತ್ತೇ ಬರೆದುಕೊಂಡಿದ್ದರೂ, ಆ ರಾತ್ರಿಯೇ ನನ್ನ ಸ್ವಂತ ಇಮೇಲ್‌ನಿಂದ ನಾಲ್ಕು ಸಾಲು ಕಳಿಸಿದ್ದರೆ ಕಥೆ ಬೇರೆ ಇರುತ್ತಿತ್ತು: ‘ಇವತ್ತು ಐದೂವರೆಗೆ ಕ್ಯಾಬಿನ್‌ಗೆ ಕರೆದು ಒತ್ತಾಯದಿಂದ ಸಹಿ ಹಾಕಿಸಿಕೊಂಡಿದ್ದೀರಿ. ನಾನು ರಾಜೀನಾಮೆ ಕೊಡುತ್ತಿಲ್ಲ. ಸೋಮವಾರ ಕೆಲಸಕ್ಕೆ ಬರುತ್ತೇನೆ.’ ಇಷ್ಟೇ. ಕನ್ನಡದಲ್ಲೇ ಬರೆಯಬಹುದಿತ್ತು. ಜೊತೆಗೆ ಒಂದು ರಿಜಿಸ್ಟರ್ಡ್ ಪೋಸ್ಟ್. ಬಲವಂತ ನಡೆಯಿತು ಅಂತ ತೋರಿಸುವ ಹೊಣೆ ನನ್ನ ಮೇಲೇ ಇತ್ತು. ನನ್ನ ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಚೀಟಿ ಅಂದಾಗ ನೆನಪಾಯಿತು. ನನ್ನ ಪೇ ಸ್ಲಿಪ್‌ಗಳೆಲ್ಲ ಕಂಪನಿಯ ಇಮೇಲ್‌ನಲ್ಲಿದ್ದವು. ಅದೇ ಶುಕ್ರವಾರ ರಾತ್ರಿ ಎಂಟಕ್ಕೆ ಆ ಇಮೇಲ್ ಬಂದ್. ಮನೆ ಬಾಡಿಗೆಯ ಸಲುವಾಗಿ ಹೆಂಡತಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಆರು ಸ್ಲಿಪ್ ಮಾತ್ರ ಉಳಿದವು. ಇವತ್ತೇ ನಿಮ್ಮ ನೇಮಕಾತಿ ಪತ್ರ, ಸ್ಲಿಪ್‌ಗಳನ್ನೆಲ್ಲ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಿ. ಹಾಜರಾತಿ ಪಟ್ಟಿ ನೋಡಲು ಸಿಕ್ಕರೆ ಫೋಟೋ ಹೊಡೆದಿಟ್ಟುಕೊಳ್ಳಿ.

ಈಗ ಆ ‘ಎಕ್ಸಿಕ್ಯುಟಿವ್’ ವಿಷಯ. ಲೇಬರ್ ಕೋರ್ಟಿಗೆ ಹೋಗ್ತೀನಿ ಅಂತ ಫೋನಿನಲ್ಲಿ ಹೆದರಿಸಲು ನೋಡಿದೆ. ‘ನೀನು ವರ್ಕರ್ ಅಲ್ಲಪ್ಪ, ಎಕ್ಸಿಕ್ಯುಟಿವ್. ನಿನಗೆ ಆ ಕಾನೂನೇ ಇಲ್ಲ’ ಅಂದರು. ಅರ್ಧ ವರ್ಷ ನಂಬಿದೆ. ಆದರೆ ಕೋರ್ಟು ನೋಡೋದು ಗುರುತಿನ ಚೀಟಿಯನ್ನಲ್ಲ, ದಿನಾ ನಿಜವಾಗಿ ಮಾಡುವ ಕೆಲಸವನ್ನು. ಯಾರ ರಜೆಯನ್ನೂ ಮಂಜೂರು ಮಾಡದ, ಯಾರ ಮೇಲೂ ಅಧಿಕಾರ ಇಲ್ಲದ, ಪೆಟ್ಟಿಗೆ ಎಣಿಸುವ ಎಕ್ಸಿಕ್ಯುಟಿವ್ ಕಾನೂನಿನ ಕಣ್ಣಲ್ಲಿ ಕಾರ್ಮಿಕನೇ. ಹೆಸರಿಗೆ ಮ್ಯಾನೇಜರ್ ಅಂತ ಬಡ್ತಿ ಕೊಟ್ಟು ಸಂಬಳ ಏರಿಸದಿದ್ದರೆ ಖುಷಿ ಪಡುವ ಮುಂಚೆ ಒಂದು ಕ್ಷಣ ಯೋಚಿಸಿ.

ಗ್ರಾಚ್ಯುಟಿಯಲ್ಲಿ, ಅಂದರೆ ವರ್ಷಗಟ್ಟಲೆ ದುಡಿದವನು ಕೆಲಸ ಬಿಡುವಾಗ ಕಂಪನಿ ಒಟ್ಟಿಗೆ ಕೊಡಬೇಕಾದ ದುಡ್ಡಿನಲ್ಲಿ, ಮಾತ್ರ ನಾನು ಗೆದ್ದೆ. ರಾಜೀನಾಮೆ ಕೊಟ್ಟವನಿಗೆ ಗ್ರಾಚ್ಯುಟಿ ಇಲ್ಲ ಅಂತ ಎಚ್‌ಆರ್ ಹೇಳಿದ್ದರು. ಶುದ್ಧ ಸುಳ್ಳು. ಆಗ ಇದ್ದ 1972ರ ಗ್ರಾಚ್ಯುಟಿ ಕಾಯ್ದೆಯಲ್ಲಿ ಐದು ವರ್ಷ ಸತತ ಸೇವೆ ಇದ್ದರೆ ರಾಜೀನಾಮೆ ಕೊಟ್ಟರೂ ಸಿಗುತ್ತಿತ್ತು. ಹತ್ತು ಜನ ಇರುವ ಜಾಗಕ್ಕೂ ಅದು ಅನ್ವಯಿಸುತ್ತಿತ್ತು. ಲೆಕ್ಕ ಸುಲಭ: ಕೊನೆಯ ತಿಂಗಳ ಬೇಸಿಕ್ (ಮೂಲ ಸಂಬಳ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿಸಿ 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಿ. ನನ್ನದು 18,200. ಭಾಗಿಸಿದರೆ ದಿನಕ್ಕೆ 700. ಹದಿನೈದು ದಿನಕ್ಕೆ 10,500. ಆರು ವರ್ಷಕ್ಕೆ 63,000.

‘ನೀನು ಬಾಕಿ ಇಲ್ಲ ಅಂತ ಸಹಿ ಹಾಕಿದ್ದೀಯ’ ಅಂದರು. ಗ್ರಾಚ್ಯುಟಿಯ ಹಕ್ಕನ್ನು ಹಾಗೆ ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ. ಕಾಯ್ದೆಗೆ ವಿರುದ್ಧವಾದ ಒಪ್ಪಂದ ಅದರ ಮುಂದೆ ನಿಲ್ಲಲ್ಲ. ಮೊದಲು ‘ಫಾರ್ಮ್ ಐ’ ತುಂಬಿ ಕಂಪನಿಗೆ ಕಳಿಸಿದೆ. ಕೊಡಬೇಕಾದ ದಿನದಿಂದ 30 ದಿನ ದಾಟಿತು, ಉತ್ತರವಿಲ್ಲ. ಆಮೇಲೆ ಕಾರ್ಮಿಕ ಇಲಾಖೆಯ ನಿಯಂತ್ರಣಾಧಿಕಾರಿ ಮುಂದೆ ‘ಫಾರ್ಮ್ ಎನ್’ ಹಾಕಿದೆ. ನಾಲ್ಕು ದಿನಾಂಕ ಬಿದ್ದವು. ಮೂರು ಸಲ ಕಂಪನಿ ಕಡೆಯವರು ಬರಲೇ ಇಲ್ಲ. ಹನ್ನೊಂದು ತಿಂಗಳ ಮೇಲೆ 63,000 ಖಾತೆಗೆ ಬಂತು. ತಡ ಮಾಡಿದ್ದಕ್ಕೆ ವರ್ಷಕ್ಕೆ ನೂರಕ್ಕೆ ಹತ್ತರಂತೆ ಬಡ್ಡಿಯೂ ಬರಬೇಕಿತ್ತು. ಓಡಾಡಿ ಸಾಕಾಗಿತ್ತು, ಅಸಲು ಬಂದರೆ ಸಾಕು ಅಂತ ಬಿಟ್ಟುಬಿಟ್ಟೆ. ಅದಕ್ಕೆ ಹೆಂಡತಿ ಇವತ್ತಿಗೂ ಬೈಯುತ್ತಾಳೆ.

ಪಿಎಫ್‌ನದು ಇನ್ನೊಂದು ಕಥೆ. ಯುಎಎನ್, ಅಂದರೆ ನನ್ನ ಪಿಎಫ್ ನಂಬರ್ ಹಾಕಿ ಪಾಸ್‌ಬುಕ್ ತೆಗೆದು ನೋಡಿದರೆ ಆಗಸ್ಟ್‌ನಿಂದ ಖಾಲಿ! ಪ್ರತಿ ತಿಂಗಳು ಸಂಬಳದಲ್ಲಿ 1,800 ಹಿಡಿದಿದ್ದರು. ಐದು ತಿಂಗಳಿಗೆ 9,000. ಹಿಡಿದ ದುಡ್ಡನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಕಾರ್ಮಿಕನ ಪಾಲನ್ನು ಹಿಡಿದು ಕಟ್ಟದೇ ಇರುವುದು ಬರೀ ಬಾಕಿಯಲ್ಲ, ನಂಬಿಕೆ ದ್ರೋಹದ ಅಪರಾಧ. ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ಕುಂದುಕೊರತೆ ಪೋರ್ಟಲ್‌ನಲ್ಲಿ ಸ್ಲಿಪ್ ಸಮೇತ ದೂರು ಹಾಕಿದೆ. ನಾಲ್ಕು ತಿಂಗಳಲ್ಲಿ ತುಂಬಿದರು. ತಿಂಗಳಿಗೊಮ್ಮೆ ಕರೆಂಟ್ ಬಿಲ್ ನೋಡುವ ಹಾಗೆ ಪಾಸ್‌ಬುಕ್ ನೋಡಿದ್ದರೆ ಸೆಪ್ಟೆಂಬರ್‌ನಲ್ಲೇ ಕಂಪನಿಯ ಸ್ಥಿತಿ ಗೊತ್ತಾಗುತ್ತಿತ್ತು. ಪಿಎಫ್ ಕಟ್ಟೋದು ನಿಂತಿತು ಅಂದರೆ ಕೆಲಸ ಹುಡುಕೋಕೆ ಶುರು ಮಾಡಿ. ಇದು ಕಾನೂನಲ್ಲ, ನನ್ನ ಅನುಭವ.

ಇನ್ನೊಂದು ದಂಡದ ಖರ್ಚು: ವಕೀಲರ ನೋಟಿಸ್‌ಗೆ ಕೊಟ್ಟ 15,000. ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೈಗಾರಿಕಾ ಕಾರ್ಮಿಕರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ ಅಂತ ನನಗೆ ಯಾರೂ ಹೇಳಲಿಲ್ಲ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಚೇರಿ ಇರುತ್ತದೆ. ಸಹಾಯವಾಣಿ 15100. ಕಾರ್ಮಿಕ ಇಲಾಖೆಯದು 155214.

ನನ್ನ ಕಥೆ ಹಳೇ ಕಾಯ್ದೆಗಳ ಕಾಲದ್ದು. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 29 ಹಳೇ ಕಾಯ್ದೆಗಳು ಅವುಗಳ ಒಳಗೆ ಸೇರಿವೆ. ನನಗೆ ಅದರಲ್ಲಿ ಕಂಡ ಒಳ್ಳೆಯದು: ಕೆಲಸದಿಂದ ತೆಗೆದರೂ, ನೀವೇ ಬಿಟ್ಟರೂ, ಸಂಬಳದ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. ‘45 ದಿನ ಆಗುತ್ತೆ, ನಮ್ಮ ಪಾಲಿಸಿ’ ಅನ್ನೋ ಹಳೇ ರಾಗಕ್ಕೆ ಈಗ ಜಾಗವಿಲ್ಲ. 15 ದಿನದ ಪರಿಹಾರ ಮುಂಚಿನಂತೆಯೇ ಇದೆ. ಆದರೆ ತೆಗೆದುಹಾಕಿದ್ದನ್ನು ಪ್ರಶ್ನಿಸಲು ಮುಂಚೆ ಮೂರು ವರ್ಷ ಸಮಯವಿತ್ತು, ಈಗ ಎರಡೇ ವರ್ಷ. ನನ್ನ ಹಾಗೆ ನಾಚಿಕೊಂಡು ಕೂರುವವರಿಗೆ ಇದು ಕೆಟ್ಟ ಸುದ್ದಿ.

ಬಾಂಡ್ ಬಗ್ಗೆಯೂ ಹುಡುಗರು ತುಂಬಾ ಕೇಳುತ್ತಾರೆ. ಇಷ್ಟು ವರ್ಷ ಕೆಲಸ ಬಿಡಲ್ಲ, ಬಿಟ್ಟರೆ ಇಷ್ಟು ದುಡ್ಡು ಕಟ್ಟುತ್ತೇನೆ ಅಂತ ಬರೆದುಕೊಡುವ ಕಾಗದ ಅದು. ‘ಬಾಂಡ್ ಎಲ್ಲಾ ಕೋರ್ಟಲ್ಲಿ ನಿಲ್ಲಲ್ಲ ಬಿಡು’ ಅಂತ ಧೈರ್ಯ ಹೇಳುವವರನ್ನು ನಂಬಬೇಡಿ. 2025ರ ಮೇನಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರು ವರ್ಷದ ಷರತ್ತನ್ನೂ ಎರಡು ಲಕ್ಷದ ಮೊತ್ತವನ್ನೂ ಎತ್ತಿಹಿಡಿದಿದೆ. ನಮ್ಮ ಹೈಕೋರ್ಟಿನಿಂದಲೇ ಹೋದ ಕೇಸು ಅದು. ಹಾಗಂತ ಮೂಲೆಯ ಕಂಪನಿಯ ಐದು ಲಕ್ಷದ ಬಾಂಡೂ ನಿಲ್ಲುತ್ತದೆ ಅಂತಲ್ಲ. ಮೊತ್ತ ನ್ಯಾಯವಾಗಿದೆಯೇ ಅಂತ ಕೋರ್ಟು ನೋಡುತ್ತದೆ. ಸಹಿ ಹಾಕುವ ಮುಂಚೆ ಓದಿ, ಒಂದು ಪ್ರತಿ ಕೇಳಿ ಇಸಿದುಕೊಳ್ಳಿ.

ಹೋದ ತಿಂಗಳು ಒಂದು ಸಂಜೆ ಹಳೇ ಕಾರ್ಖಾನೆಯ ಹುಡುಗನೊಬ್ಬ ಫೋನ್ ಮಾಡಿದ. ಹಿಂದೆ ಕಂಪ್ರೆಸರ್ ಸದ್ದು. ಪಿಸುದನಿಯಲ್ಲಿ ಮಾತಾಡುತ್ತಿದ್ದ.

‘ಅಣ್ಣಾ, ಪೇಪರ್ ಇಟ್ಟಿದಾರೆ. ಟೈಪ್ ಮಾಡಿರೋದು.’

‘ಸಹಿ ಹಾಕಿದೆಯಾ?’

‘ಇಲ್ಲ. ಹೊಟ್ಟೆ ನೋವು ಅಂತ ಟಾಯ್ಲೆಟ್‌ಗೆ ಬಂದಿದೀನಿ. ಎಷ್ಟೊತ್ತು ಇರಲಿ?’

‘ಗೇಟು ಎಲ್ಲಿದೆ ಅಂತ ಗೊತ್ತಲ್ಲ’ ಅಂದೆ. ‘ಟಾಯ್ಲೆಟ್‌ನಿಂದ ಎಡಕ್ಕೆ.’