ಏಜೆಂಟಿಗೆ ಕೆಲಸ ಹೇಳುವುದು ಎದುರು ಕೂತೋ, ಚೀಟಿ ಬರೆದಿಟ್ಟೋ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಒಂದು ಅಡಿಕೆ ಅಂಗಡಿಗೆ ಬಿಲ್ಲಿಂಗ್ ಆಪ್ ಮಾಡಿಕೊಟ್ಟಿದ್ದೇನೆ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಅಂತ ಅಡಿಕೆಯಲ್ಲಿ ಹಲವು ತರ. ರಶೀದಿ ಕನ್ನಡದಲ್ಲೂ ಬರಬೇಕು, ಮಲಯಾಳದಲ್ಲೂ ಬರಬೇಕು. ಕೋಡ್ ಬರೆಯುವುದು ಈಗ ಹೆಚ್ಚಾಗಿ ಏಜೆಂಟ್, ಅಂದರೆ ಹೇಳಿದ ಕೆಲಸವನ್ನು ತಾನೇ ಮಾಡಿಕೊಡುವ ಎಐ. ನನ್ನದು ಹೇಳುವ ಕೆಲಸ, ನೋಡುವ ಕೆಲಸ. ಎರಡು ತಿಂಗಳು ಮೂರು ರೀತಿ ಮಾಡಿ ನೋಡಿದೆ.

ಮೊದಲನೆಯದು ಟರ್ಮಿನಲ್, ಅಂದರೆ ಲ್ಯಾಪ್‌ಟಾಪಿನಲ್ಲಿ ಕಮಾಂಡ್ ಟೈಪ್ ಮಾಡುವ ಕಿಟಕಿ. ಕ್ಲಾಡ್ ಕೋಡ್‌ನಂಥ ಏಜೆಂಟನ್ನು ನಾನು ಓಡಿಸುವುದು ಇಲ್ಲಿ. ಕೆಲಸ ಟೈಪ್ ಮಾಡಿದರೆ ಫೈಲ್ ಓದುತ್ತದೆ, ತಿದ್ದುತ್ತದೆ, ಕಮಾಂಡ್ ಓಡಿಸುವ ಮುಂಚೆ ಕೇಳುತ್ತದೆ. ದಾರಿ ತಪ್ಪಿತು ಅನ್ನಿಸಿದರೆ ಎಸ್ಕೇಪ್ ಒತ್ತಿ ನಿಲ್ಲಿಸಬಹುದು. ಪ್ಲಾನ್ ಮೋಡ್‌ನಲ್ಲಿಟ್ಟರೆ ಏನು ಮಾಡಲಿಕ್ಕಿದೆ ಅಂತ ಮೊದಲು ಬರೆದು ತೋರಿಸುತ್ತದೆ, ನಾವು ಒಪ್ಪಿದ ಮೇಲೆಯೇ ಕೈ ಹಾಕುತ್ತದೆ. ನನಗೆ ಇದೇ ಇಷ್ಟ. ಆದರೆ ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಊಟ ಮಾಡಿ ಬಂದು ನೋಡಿದರೆ 'ಈ ಕಮಾಂಡ್ ಓಡಿಸಲಾ?' ಅಂತ ಕೇಳಿ ಅಲ್ಲೇ ಕೂತಿರುತ್ತದೆ. ಎಲ್ಲದಕ್ಕೂ ಮೊದಲೇ ಅನುಮತಿ ಕೊಟ್ಟುಬಿಡಬಹುದು. ಗಿರಾಕಿಯ ಲೆಕ್ಕ ಇರುವ ಲ್ಯಾಪ್‌ಟಾಪಿನಲ್ಲಿ ನನಗೆ ಅಷ್ಟು ಧೈರ್ಯ ಇಲ್ಲ.

ಎರಡನೆಯದು ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ನಲ್ಲಿ ಇಶ್ಯೂ, ಅಂದರೆ ಕೆಲಸದ ಚೀಟಿ, ಬರೆದು ಏಜೆಂಟಿಗೆ ಒಪ್ಪಿಸುವುದು. ದೂರದ ಸರ್ವರಿನಲ್ಲಿ ಕೆಲಸ ಮಾಡಿ ಪುಲ್ ರಿಕ್ವೆಸ್ಟ್ (ನಾವು ನೋಡಿ ಒಪ್ಪಬೇಕಾದ ತಿದ್ದುಪಡಿ) ತಂದಿಡುವ ಏಜೆಂಟುಗಳು 2025ರ ಮೇ ತಿಂಗಳಲ್ಲಿ ಒಂದರ ಹಿಂದೆ ಒಂದು ಬಂದವು: ಕೋಡೆಕ್ಸ್, ಕೋಪೈಲಟ್, ಜೂಲ್ಸ್. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತಲ್ವಾ? ಮನೆಯಲ್ಲಿ ಕತ್ತಲಾದರೂ ಅಲ್ಲಿ ಕೆಲಸ ನಡೆಯುತ್ತಿರುತ್ತದೆ. ಅದೊಂದು ದೊಡ್ಡ ಸಮಾಧಾನ.

ಎಡವಿದ್ದೂ ಇಲ್ಲಿಯೇ. ತಪ್ಪು ನನ್ನದು. ರಶೀದಿಯ ಕಾಲಂ ಸಣ್ಣದು ಅಂತ 'ತರದ ಹೆಸರು 8 ಅಕ್ಷರಕ್ಕಿಂತ ಉದ್ದ ಇದ್ದರೆ ಕತ್ತರಿಸು' ಅಂತ ಇಶ್ಯೂ ಬರೆದು ಮಲಗಿದೆ. ಬೆಳಿಗ್ಗೆ ಪುಲ್ ರಿಕ್ವೆಸ್ಟ್ ರೆಡಿ, ಕೋಡ್ ಸರಿಯಿದೆಯಾ ಅಂತ ನೋಡುವ ಟೆಸ್ಟ್ ಎಲ್ಲ ಹಸಿರು, ಅಂದರೆ ಪಾಸ್. ಮೊಬೈಲಿನಲ್ಲೇ ಸುಮ್ನೆ ಮರ್ಜ್ ಒತ್ತಿ ಆಪಿನ ಕೋಡಿಗೆ ಸೇರಿಸಿಬಿಟ್ಟೆ. ಮಧ್ಯಾಹ್ನ ಅಂಗಡಿಯವರ ಫೋನ್: "ಇದೆಂತ ಮಾರಾಯ, ಉಳ್ಳಿಗಡ್ಡೆಯ ಬಾಲ ಎಲ್ಲಿ ಹೋಯ್ತು?"

ನಾವು ಓದುವಾಗ ಉಳ್ಳಿಗಡ್ಡೆ ನಾಲ್ಕೇ ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಹತ್ತು: ಒತ್ತು, ಗುಣಿತ, ಹಲಂತ ಎಲ್ಲ ಬೇರೆ ಬೇರೆ. ಎಂಟಕ್ಕೆ ಕತ್ತರಿಸಿದರೆ ಉಳಿಯುವುದು 'ಉಳ್ಳಿಗಡ್'. ಏಜೆಂಟ್ ಬರೆದ ಟೆಸ್ಟ್ ತೆಗೆದು ನೋಡಿದರೆ, ಸರಿಯುತ್ತರ ಅಂತ ಕೊಟ್ಟದ್ದೂ ಅದನ್ನೇ! ಹಸಿರಾಗದೆ ಇನ್ನೇನಾದೀತು? ಅದೇ ಕೆಲಸವನ್ನು ಟರ್ಮಿನಲ್ಲಿನಲ್ಲಿ ಮಾಡಿಸಿದ್ದರೆ ಆ ಸಾಲು ಕಣ್ಣೆದುರೇ ಹಾದುಹೋಗುತ್ತಿತ್ತು. ಮತ್ತೆ ಕೂತು 'ಅಕ್ಷರ ಎಣಿಸಬೇಡ, ಪ್ರಿಂಟಾಗುವ ಅಗಲ ಅಳೆ, ಹಿಡಿಸದಿದ್ದರೆ ಎರಡನೇ ಸಾಲಿಗೆ ಇಳಿಸು' ಅಂತ ಹೇಳಿ ಸರಿಮಾಡಿಸಿದೆ.

ಅಂದಿನಿಂದ ಪುಲ್ ರಿಕ್ವೆಸ್ಟ್ ಬಂದರೆ ಮೊದಲು ತೆರೆಯುವುದು ಟೆಸ್ಟ್ ಫೈಲ್. ಹಳೆ ಟೆಸ್ಟನ್ನು ಏಜೆಂಟ್ ಮುಟ್ಟಿದ್ದರೆ ಯಾಕೆ ಅಂತ ಕಾಮೆಂಟಿನಲ್ಲಿ ಕೇಳುತ್ತೇನೆ. ಏಜೆಂಟ್ ಏನೇನು ಮಾಡಿತು ಅನ್ನುವ ಲಾಗ್ ಉದ್ದುದ್ದ ಬರುತ್ತದೆ, ಪೂರ್ತಿ ಓದಿದರೆ ನಾನೇ ಕೋಡ್ ಬರೆದಷ್ಟು ಹೊತ್ತು. ಎಲ್ಲೋ ಸಿಕ್ಕಿಹಾಕಿಕೊಂಡಂತೆ ಕಂಡರೆ ಮಾತ್ರ ನೋಡುತ್ತೇನೆ. ಇಶ್ಯೂವಿನಲ್ಲೂ ಮೂರು ಸಂಗತಿ ತಪ್ಪದೆ ಬರೆಯುತ್ತೇನೆ: ಯಾವ ಫೈಲ್, ಯಾವುದನ್ನು ಮುಟ್ಟಬಾರದು, ಆಯಿತು ಅಂತ ಗೊತ್ತಾಗುವುದು ಹೇಗೆ. ಮೂರನೆಯದು ಬರೆಯಲಿಕ್ಕೆ ಬಾರದಿದ್ದರೆ ಆ ಕೆಲಸ ಟರ್ಮಿನಲ್ಲಿಗೇ.

ಮೂರನೆಯ ರೀತಿ, ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್‌ನ ವರ್ಕ್‌ಟ್ರೀ: ಒಂದೇ ಪ್ರಾಜೆಕ್ಟಿಗೆ ಮೂರು ಫೋಲ್ಡರ್, ಮೂರು ಬ್ರಾಂಚ್ (ಕೋಡಿನ ಬೇರೆ ಬೇರೆ ಕವಲು), ಮೂರು ಏಜೆಂಟ್. ಕೇಳಲು ಚಂದ. ಫೋಲ್ಡರ್ ಬೇರೆಯಾದರೂ ನನ್ನ ಡೇಟಾಬೇಸ್ ಒಂದೇ ಇತ್ತು. ಎರಡು ಏಜೆಂಟುಗಳು ಒಂದೇ ಟೇಬಲ್ಲಿಗೆ ಬೇರೆ ಬೇರೆ ಕಾಲಂ ಸೇರಿಸಿ ಕೂತವು. ನಾಲ್ಕು ದಿನಕ್ಕೆ ಬಿಟ್ಟೆ. ತಂಡ ದೊಡ್ಡದಿದ್ದವರಿಗೆ ಸರಿಹೋದೀತು. ಒಬ್ಬನೇ ಮೂರು ಕಿಟಕಿಗೆ ಇಣುಕುವುದು ನನ್ನಿಂದಾಗದು.

ಈಗ ಲೈಬ್ರರಿ (ಆಪಿನಲ್ಲಿ ಬಳಸಿದ ಬೇರೆಯವರ ಕೋಡ್) ಅಪ್‌ಡೇಟ್, ಜಿಎಸ್‌ಟಿ ಲೆಕ್ಕದ ಟೆಸ್ಟ್, ಸಣ್ಣಪುಟ್ಟ ಬಗ್ ಎಲ್ಲ ಗಿಟ್‌ಹಬ್‌ಗೆ. ರಶೀದಿ, ಕನ್ನಡ, ಮಲಯಾಳ, ದುಡ್ಡಿನ ರೌಂಡಿಂಗ್ ಟರ್ಮಿನಲ್ಲಿಗೆ. ಇದನ್ನು ಬರೆಯುವಾಗಲೂ ಕರೆಂಟ್ ಹೋಗಿ ವೈಫೈ ಸತ್ತಿದೆ. ಟರ್ಮಿನಲ್ಲಿನ ಏಜೆಂಟ್ ಅರ್ಧಕ್ಕೆ ನಿಂತಿದೆ. ಅತ್ತ ಮೊಬೈಲಿಗೆ ಹೊಸ ಪುಲ್ ರಿಕ್ವೆಸ್ಟಿನ ನೋಟಿಫಿಕೇಶನ್ ಬಂತು, ಎಲ್ಲ ಹಸಿರು. ಬೆಳಿಗ್ಗೆ ಟೆಸ್ಟ್ ಫೈಲ್ ನೋಡುವವರೆಗೆ ಮರ್ಜ್ ಇಲ್ಲ.